ಎಡಗಡೆ ಫುಟ್‌ಬೋರ್ಡಿಗೆ ಬಣ್ಣ ಬಳಿದವರು ಯಾರು?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕಡಲಿನಿಂದಲೋ, ಕಬ್ಬಿಣದಿಂದಲೋ, ಸುಳ್ಳಿನಿಂದಲೋ? ನೀವೇ ಹೇಳಿ. ಕಡಲಿನಿಂದ ಒಮ್ಮೆ ಶುರು ಮಾಡಿ ನೋಡಿದೆ: "೧೯೭೧ರ ಜನವರಿ. ತಿರುವನಂತಪುರದ ಕಡಲು ಬೆಳ್ಳಿಯ ತಟ್ಟೆಯ ಹಾಗೆ..." ಅಷ್ಟಕ್ಕೇ ಹರಿದು ಬಿಸಾಕಿದೆ. ಪಟ್ಟಂನ ನಮ್ಮ ಆಫೀಸಿನ ಕಿಟಕಿಯಿಂದ ಕಡಲು ಕಾಣುತ್ತಲೇ ಇರಲಿಲ್ಲ. ಕಾಣುತ್ತಿದ್ದದ್ದು ಸೈಕಲ್ ಸ್ಟ್ಯಾಂಡು, ಒಂದು ಹಲಸಿನ ಮರ, ಅದರ ಕೆಳಗೆ ಬೂದು ಬಣ್ಣದ ಒಂದು ಪಿಕಪ್ ಟ್ರಕ್ಕು.

೨

(ಎರಡನೇ ಪ್ರಯತ್ನ.) "ಶ್ರೀಕಂಠ ಎತ್ತರದ ಆಳು. ಮಿತಭಾಷಿ, ದಕ್ಷ ಅಧಿಕಾರಿ."

ಇಷ್ಟು ಬರೆಯುವ ಹೊತ್ತಿಗೆ ನನ್ನ ಹೆಂಡತಿ ರಾಜಲಕ್ಷ್ಮಿ ಬೆನ್ನ ಹಿಂದೆ ನಿಂತು ಓದಿಬಿಟ್ಟಳು.

"ಯಾರ್ರೀ ಇವ್ರು, ಶ್ರೀಕಂಠ?"

"ಕಥಾನಾಯಕ ಕಣೇ."

"ಎತ್ತರಕ್ಕಿದಾರಂತೆ?"

"ಕಥೇಲಿ ಅಷ್ಟೆ."

"ಬಣ್ಣ ಬಳಿದಿದ್ದು ನೀವು. ಐದಡಿ ಮೂರಿಂಚು. ಆಗಲೇ ಏಳು ವರ್ಷ ಆಯ್ತು, ಇನ್ನೂ ಇನ್ನೊಬ್ಬರ ಹೆಸರಲ್ಲಿ ಬರೀತೀರಲ್ಲ!"

೩

ಸರಿ. ಹೆಸರು ಶ್ರೀಪತಿ. ಊರು ಮೈಸೂರು. ಕಡಲ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯುವ ಕೇಂದ್ರ ಸರ್ಕಾರದ ಒಂದು ಪುಟ್ಟ ಕಚೇರಿಯಲ್ಲಿ ಸ್ಟೋರು ಮತ್ತು ವಾಹನದ ಗುಮಾಸ್ತ. "ವಾಹನಗಳ" ಎಂದು ಮೊದಲು ಬರೆದಿದ್ದೆ. ಇದ್ದದ್ದು ಒಂದೇ.

ಅದನ್ನು ಓಡಿಸುತ್ತಿದ್ದವನು ಅಚ್ಯುತನ್. ನೆಯ್ಯಾಟಿನ್‌ಕರ ಕಡೆಯವನು, ನಲವತ್ತು ದಾಟಿದವನು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನೀರಿನ ಮಾದರಿ ತರಲು ವಾರಕ್ಕೆ ಮೂರು ಸಲ ಗಾಡಿಯನ್ನು ಮರಳ ದಂಡೆಗೆ ಇಳಿಸುತ್ತಿದ್ದ. ಉಪ್ಪನ್ನು ಅಳೆಯುವುದು ವಿಜ್ಞಾನಿಗಳ ಕೆಲಸ. ಆ ಉಪ್ಪನ್ನು ತಿಂದದ್ದು ಪಿಕಪ್ಪಿನ ಫುಟ್‌ಬೋರ್ಡು, ಅಂದರೆ ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಆ ಉದ್ದನೆಯ ತಗಡಿನ ಮೆಟ್ಟಿಲು.

ಒಂದು ಶುಕ್ರವಾರ ಅಚ್ಯುತನ್ ನನ್ನನ್ನು ಹಲಸಿನ ಮರದ ಕೆಳಗೆ ಕರೆದ. ಸ್ಕ್ರೂಡ್ರೈವರನ್ನು ಎಡಗಡೆ ಮೆಟ್ಟಿಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಅದು ಹಪ್ಪಳದೊಳಗೆ ಹೋದ ಹಾಗೆ ಒಳಗೆ ಹೋಯಿತು.

"ತುರುಂಬಾಣ್ ಸಾರ್," ಎಂದ. ತುಕ್ಕು. ಆಮೇಲೆ ನನಗಾಗಿ ಕೂಡಿಸಿಟ್ಟಿದ್ದ ಕನ್ನಡದಲ್ಲಿ ಹೇಳಿದ: "ಒಳಗಿಂದ ತಿಂತು. ಬಿಚ್ಚಿ, ಕಟ್ ಮಾಡಿ, ವೆಲ್ಡ್ ಮಾಡ್ಬೇಕು. ಎರಡು ದಿವಸ ವರ್ಕ್‌ಶಾಪ್."

"ಸೋಮವಾರ ಡೆಲ್ಲಿಯಿಂದ ಇನ್‌ಸ್ಪೆಕ್ಷನ್ ಇದೆ. ಗಾಡಿ ಇಲ್ಲೇ ನಿಂತಿರಬೇಕು. ಸದ್ಯಕ್ಕೆ ಪೇಂಟ್ ಹೊಡೆದುಬಿಡು."

"ಪೇಂಟ್ ಮೇಲೆ ಮನುಷ್ಯ ನಿಲ್ಲಲ್ಲ ಸಾರ್," ಎಂದ ಅಚ್ಯುತನ್. ಆ ದಿನದ ಲಾಗ್‌ಬುಕ್ಕಿನಲ್ಲಿ "ಎಡಗಡೆ ಫುಟ್‌ಬೋರ್ಡ್ ತುಕ್ಕು, ರಿಪೇರಿ ಬೇಕು" ಎಂದು ಬರೆದು ಮನೆಗೆ ಹೋದ.

೪

ನನಗೇಕೆ ಅಷ್ಟು ಅವಸರ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿಗೆ ವರ್ಗ ಬೇಕೆಂದು ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದೆ. ಇನ್‌ಸ್ಪೆಕ್ಷನ್ನಿನವರು ಒಂದು ಒಳ್ಳೆಯ ಮಾತು ಬರೆದರೆ ಆಗಿಬಿಡುತ್ತಿತ್ತು. ರಾಜಲಕ್ಷ್ಮಿ ಆಗಲೇ ಪಾತ್ರೆಗಳನ್ನು ಮನಸ್ಸಿನಲ್ಲೇ ಗೋಣಿಚೀಲಕ್ಕೆ ತುಂಬಿದ್ದಳು.

ಶನಿವಾರ ಮಧ್ಯಾಹ್ನ, ಆಫೀಸು ಖಾಲಿಯಾದ ಮೇಲೆ, ಬನಿಯನ್ನಿನಲ್ಲಿ ಕುಕ್ಕರುಗಾಲಲ್ಲಿ ಕೂತು ತೂತುಗಳಿಗೆ ಪುಟ್ಟಿ ಮೆತ್ತಿದೆ. ಎರಡು ಕೋಟು ಕಪ್ಪು ಬಣ್ಣ ಬಳಿದೆ. ಒಪ್ಪಿಕೊಳ್ಳಬೇಕು, ಬಹಳ ಚೆನ್ನಾಗಿ ಬಂದಿತ್ತು. (ಈ ಕಥೆಗಿಂತ ಚೆನ್ನಾಗಿ.) ಮನೆಯಲ್ಲಿ ಸೀಮೆಎಣ್ಣೆ ಹಾಕಿ ನನ್ನ ಕೈ ಉಜ್ಜುತ್ತಾ ರಾಜಲಕ್ಷ್ಮಿ ಏನಿದು ಎಂದು ಕೇಳಿದಳು. ಆಫೀಸಿನ ಗೇಟು ಎಂದೆ.

ಸೋಮವಾರ ಬೆಳಿಗ್ಗೆ ಅಚ್ಯುತನ್ ಮೆಟ್ಟಿಲನ್ನು ನೋಡಿ ಹಿಗ್ಗಿದ. "ವೆಲ್ಡ್ ಚೆಯ್ದೋ ಸಾರ್?" ವೆಲ್ಡ್ ಮಾಡಿಸಿದಿರಾ ಎಂದು.

ಇಲ್ಲಿ ನಾನು ಹೇಳಿದ್ದು ಒಂದೇ ಅಕ್ಷರ. ಅದನ್ನು ಹೇಗೆ ಬರೆಯಬೇಕೆಂದು ಒಂದು ವಾರ ಒದ್ದಾಡಿದ್ದೇನೆ. "ಹೂಂ ಎಂದು ಗೊಣಗಿದೆ", "ಹೂಂ ಅಂದಂತೆ ಕೆಮ್ಮಿದೆ", "ಫೈಲಿನಿಂದ ತಲೆಯೆತ್ತದೆ ಹೂಂಗುಟ್ಟಿದೆ". ಎಲ್ಲವೂ ನನ್ನನ್ನು ಉಳಿಸಿಕೊಳ್ಳುವ ವಾಕ್ಯಗಳೇ. ನಾನು ಅವನ ಮುಖ ನೋಡಿ "ಹೂಂ" ಎಂದೆ. ಅವನು ಲಾಗ್‌ಬುಕ್ ತೆಗೆದು, ತನ್ನ ಹಿಂದಿನ ದೂರಿನ ಎದುರಿಗೆ, ತನ್ನದೇ ಕೈಬರಹದಲ್ಲಿ "ರಿಪೇರಿ ಆಗಿದೆ" ಎಂದು ಬರೆದು ಸಹಿ ಹಾಕಿದ.

೫

ಇನ್‌ಸ್ಪೆಕ್ಷನ್ ಸುಸೂತ್ರವಾಗಿ ಮುಗಿಯಿತು. ವಾಹನದ ನಿರ್ವಹಣೆ ಬಗ್ಗೆ "ಎಕ್ಸಲೆಂಟ್" ಎಂದು ಬರೆದು ಹೋದರು.

ಮೂರು ವಾರ ಕಳೆದು ಕೊಚ್ಚಿಯ ಬಂದರಿಗೆ ಒಂದು ಉಪಕರಣ ಬಂತು. ಬಿಡಿಸಿಕೊಂಡು ಬರಲು ನಾನು, ಅಚ್ಯುತನ್ ಮತ್ತು ನಮ್ಮ ರಸಾಯನ ವಿಜ್ಞಾನಿ ಡಾಕ್ಟರ್ ವೇದವತಿ ಹೊರಟೆವು. ಆಕೆ ತುಮಕೂರಿನವರು, ಐವತ್ತರ ಹತ್ತಿರ, ಯಾರ ಸಹಾಯವನ್ನೂ ಒಪ್ಪದವರು. ದಾರಿಯಲ್ಲಿ ಆಲಪ್ಪುಳದಲ್ಲಿ ಚಹಾಕ್ಕೆ ನಿಂತಾಗ ಆಕೆ ಇಳಿದು ಹತ್ತಿದರು. ನಾನು ಗಾಜಿನ ಲೋಟ ಬಿಗಿಯಾಗಿ ಹಿಡಿದು ನೋಡುತ್ತಿದ್ದೆ. ಏನೂ ಆಗಲಿಲ್ಲ. ದೇವರು ನನ್ನ ಕಡೆಗಿದ್ದಾನೆ ಎಂದುಕೊಂಡೆ.

ಬಂದರಿನಲ್ಲಿ, ಕಾಗದಗಳೆಲ್ಲ ಮುಗಿದ ಮೇಲೆ, ಉಪಕರಣದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಆಕೆ ಎಡಗಾಲನ್ನು ಮೆಟ್ಟಿಲ ಮೇಲಿಟ್ಟರು. ಚರಕ್ ಎಂದಿತು. ಕಾಲು ಮೆಟ್ಟಿಲನ್ನು ತೂರಿ ಕೆಳಗೆ ಹೋಯಿತು. ಪೆಟ್ಟಿಗೆ ಬಿಡಬಾರದೆಂದು ಆಕೆ ಪಕ್ಕಕ್ಕೆ ಬಿದ್ದರು, ಮಣಿಕಟ್ಟಿನ ಮೇಲೆ. ಮೂಳೆ ಮುರಿಯಿತು. ಪೆಟ್ಟಿಗೆಗೆ ಏನೂ ಆಗಲಿಲ್ಲ.

ಅಚ್ಯುತನ್ "ಅಯ್ಯೋ ಡಾಕ್ಟರೇ" ಎಂದು ಓಡಿಬಂದ. ನೋವಿನಿಂದ ಬಿಳಿಚಿಕೊಂಡಿದ್ದರೂ ಆಕೆ ತುಂಡಾದ ಮೆಟ್ಟಿಲಿನ ಒಂದು ಚಕ್ಕೆ ಎತ್ತಿ ಬೆರಳುಗಳ ನಡುವೆ ಪುಡಿ ಮಾಡಿದರು.

"ಇದ್ರಲ್ಲಿ ಕಬ್ಬಿಣವೇ ಇಲ್ಲ ಕಣ್ರೀ ಶ್ರೀಪತಿ. ಬರೀ ಪೇಂಟು."

ಅಚ್ಯುತನ್ ಆ ಪುಡಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಏನೂ ಕೇಳಲಿಲ್ಲ. ಎರ್ನಾಕುಳದ ಆಸ್ಪತ್ರೆಗೆ ಹೋಗುವವರೆಗೂ ಕೇಳಲಿಲ್ಲ. ಮರಳಿ ತಿರುವನಂತಪುರದವರೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಕೇಳಲಿಲ್ಲ. ನಾನೂ ಹೇಳಲಿಲ್ಲ.

೬

ನಮ್ಮ ಸೂಪರಿಂಟೆಂಡೆಂಟ್ ಉಪೇಂದ್ರರಾಯರು ಅಚ್ಯುತನ್‌ಗೆ ಮೆಮೊ ಕೊಟ್ಟರು: ರಿಪೇರಿ ಆಗದಿದ್ದರೂ ಆಗಿದೆ ಎಂದು ಬರೆದದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು? ಅವನು ಕೊಟ್ಟ ಉತ್ತರ ಇಷ್ಟೇ: "ಆಗಿದೆ ಎಂದು ನಂಬಿದ್ದೆ." ಯಾರ ಮಾತು ನಂಬಿದ್ದೆ ಎಂದು ಬರೆಯಲಿಲ್ಲ. ಯಾಕೆ ಬರೆಯಲಿಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

೭

ಇಲ್ಲಿಂದ ನಿಮ್ಮ ಮುಂದೆ ಎರಡು ದಾರಿ ಇಡುತ್ತೇನೆ.

ಮೊದಲನೆಯದು: ಶ್ರೀಪತಿ ತುಂಬಿದ ಸಭೆಯಲ್ಲಿ ಎದ್ದು ನಿಂತು "ತಪ್ಪು ನನ್ನದು!" ಎನ್ನುತ್ತಾನೆ. ಚಪ್ಪಾಳೆ. (ನಮ್ಮ ಆಫೀಸಿನಲ್ಲಿ ಸಭೆ ಮಾಡುವಷ್ಟು ದೊಡ್ಡ ಕೋಣೆ ಇರಲಿಲ್ಲ.)

ಎರಡನೆಯದು: ಡಾಕ್ಟರ್ ವೇದವತಿ ಪುಡಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿ, ಬಣ್ಣದಲ್ಲಿ ಅಂಟಿದ ನನ್ನ ಬೆರಳ ಗುರುತು ಹಿಡಿಯುತ್ತಾರೆ. ಪತ್ತೇದಾರಿ ಕಥೆ, ಮಜವಾಗಿರುತ್ತದೆ.

"ಎರಡೂ ಬೇಡ," ಎಂದಳು ರಾಜಲಕ್ಷ್ಮಿ. "ಆದದ್ದು ಬರೀರಿ."

ಆದದ್ದು: ಎಂಟು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಒಂಬತ್ತನೇ ಬೆಳಿಗ್ಗೆ ಅವಳು ಹುಳಿ ಬಡಿಸುವುದನ್ನು ನಿಲ್ಲಿಸಿ, "ಆವತ್ತು ಕೈಗೆ ಅಂಟಿದ್ದು ಗೇಟಿನ ಬಣ್ಣ ಅಲ್ಲ, ಅಲ್ವಾ? ನಿಮ್ಮ ಆಫೀಸಿನ ಗೇಟು ಹಸಿರು," ಎಂದಳು.

ಎಲ್ಲ ಹೇಳಿದೆ. ಸೌಟು ಹಿಡಿದುಕೊಂಡೇ ಕೇಳಿಸಿಕೊಂಡಳು.

"ಬರೆದುಕೊಡಿ."

"ಮೈಸೂರು ಹೋಗುತ್ತೆ, ರಾಜೂ."

"ಗೊತ್ತು," ಎಂದಳು. ಕಣ್ಣಲ್ಲಿ ನೀರು ಬಂತು. "ಆ ಮನುಷ್ಯನ ಕೆಲಸ ತಗೊಂಡು ಹೋಗಿ ಅಲ್ಲಿ ಹೇಗ್ರೀ ಸಂಸಾರ ಮಾಡೋದು? ಬರೆದುಕೊಡಿ."

ಇಂಗ್ಲಿಷಿನಲ್ಲಿ ಬರೆದೆ: "ದಿ ಫುಟ್‌ಬೋರ್ಡ್ ವಾಸ್ ಪೇಂಟೆಡ್." ಎಸ್ಸೆಸ್ಸೆಲ್ಸಿ ಪಾಸಾದ ರಾಜಲಕ್ಷ್ಮಿ ನೋಡಿ, "ಬೈ ಹೂಮ್?" ಎಂದಳು. ಹರಿದೆ. "ಇಟ್ ವಾಸ್ ಪೇಂಟೆಡ್ ಬೈ ದಿ ಆಫೀಸ್." ಅದನ್ನು ಅವಳೇ ಹರಿದಳು. ಐದನೇ ಕಾಗದದಲ್ಲಿ "ನಾನು" ಬಂತು: ನಾನು ಬಣ್ಣ ಬಳಿದೆ. ವೆಲ್ಡ್ ಆಗಿದೆಯೆಂದು ಡ್ರೈವರಿಗೆ ನಾನೇ ಹೇಳಿದೆ.

ಉಪೇಂದ್ರರಾಯರು ಕಾಗದವನ್ನು ಎರಡು ಸಲ ಓದಿದರು. ಮಂಗಳೂರಿನವರು, ಮೃದು ಮನುಷ್ಯ. "ಎಂತ ಮಾರಾಯ್ರೆ ಇದು? ಕಡಲ ಗಾಳಿಯಿಂದ ಆದದ್ದು ಅಂತ ಬರೆದು ಫೈಲ್ ಮುಚ್ಚುವ ಅಂತ ನಾನು ಯೋಚನೆ ಮಾಡ್ತಾ ಇದ್ದೆ. ಇದನ್ನು ವಾಪಸ್ ತಕೊಳ್ಳಿ."

"ಅಚ್ಯುತನ್ ಮೆಮೊ?"

"ಅದು ಇರ್ತದೆ. ಲಾಗ್‌ಬುಕ್ಕಿನ ಸುಳ್ಳಿಗೆ ಯಾರಾದ್ರೂ ಒಬ್ರು ಬೇಕಲ್ಲ."

"ಹಾಗಾದ್ರೆ ಇದೂ ಇರಲಿ ಸಾರ್," ಎಂದೆ. ಕಾಲು ನಡುಗುತ್ತಿತ್ತು. ಧೀರೋದಾತ್ತ ನಾಯಕನ ಕಾಲು ನಡುಗುವುದಿಲ್ಲ ಎಂದು ಈಗ ಆ ಸಾಲನ್ನು ಅಳಿಸಲು ಹೊರಟೆ. ಹಿಂದಿನಿಂದ ರಾಜಲಕ್ಷ್ಮಿಯ ಕೈ ಬಂದು ಪೆನ್ನು ಹಿಡಿದುಕೊಂಡಿತು.

ಅಚ್ಯುತನ್‌ನ ಮೆಮೊ ರದ್ದಾಯಿತು. ನನಗೊಂದು ಬಂತು. ಮೈಸೂರಿನ ವರ್ಗ ಹೋಯಿತು, ಇನ್ನೂ ಬಂದಿಲ್ಲ. ವೇದವತಿಯವರು ಕೈಗೆ ಪ್ಲಾಸ್ಟರ್ ಹಾಕಿಕೊಂಡು ನನ್ನ ಮೇಜಿನ ಮುಂದೆ ನಿಂತರು. ಹೊಗಳುತ್ತಾರೆ ಎಂದುಕೊಂಡೆ. "ಒಂಬತ್ತು ದಿವಸ ಬೇಕಾಯ್ತಾ?" ಎಂದು ಕೇಳಿ ಲ್ಯಾಬಿಗೆ ಹೋದರು.

೮

ಆ ಶನಿವಾರ ಅಚ್ಯುತನ್ ಎರಡೂ ಮೆಟ್ಟಿಲುಗಳನ್ನು ಬಿಚ್ಚಿದ. ಕರೆಯದಿದ್ದರೂ ವರ್ಕ್‌ಶಾಪಿಗೆ ಹೋದೆ. ಎಡಗಡೆಯದನ್ನು ಮಗುಚಿ ತೋರಿಸಿದ. ಒಳಮಡಿಕೆಯಲ್ಲಿ ಉಪ್ಪುಮರಳು ಒದ್ದೆಯಾಗಿ ಗಟ್ಟಿಕಟ್ಟಿತ್ತು. ನೀರು ಇಳಿದುಹೋಗಲೆಂದು ಇದ್ದ ತೂತುಗಳನ್ನೆಲ್ಲ ನನ್ನ ಪುಟ್ಟಿ ಮುಚ್ಚಿತ್ತು. ಇಬ್ಬರೂ ತಂತಿಬ್ರಷ್ಷಿನಿಂದ ಉಜ್ಜಿದೆವು. ಕೊಳೆತದ್ದನ್ನು ಕತ್ತರಿಸಿ ವೆಲ್ಡರ್ ಹೊಸ ತಗಡು ಕೂರಿಸಿದ. ಒಳಮೈಗೆ ಮೊದಲು, ಹೊರಮೈಗೆ ಆಮೇಲೆ, ತುಕ್ಕು ತಡೆಯುವ ರೆಡ್ ಆಕ್ಸೈಡ್. ಅದು ಒಣಗಿದ ಮೇಲೆ ಬಣ್ಣ. ನಾನು ಬಳಿಯಲು ಬ್ರಷ್ಷಿಗೆ ಕೈ ಚಾಚಿದೆ. ಅಚ್ಯುತನ್ ಕೊಡಲಿಲ್ಲ.

ಸೋಮವಾರ ಮೆಟ್ಟಿಲು ಜೋಡಿಸುವಾಗ ಅವನು ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಆ ಪಾದಗಳನ್ನು ಕೇಳಿದೆ: "ಅಚ್ಯುತನ್, ನನ್ನ ಮೇಲೆ ಕೋಪ ಇದೆಯಾ?"

ಇಲ್ಲಿ "ಸಾರಮಿಲ್ಲ ಸಾರ್, ಹೋಗ್ಲಿ ಬಿಡಿ" ಎಂದು ಅವನಿಂದ ಹೇಳಿಸಿ ಕಥೆ ಮುಗಿಸಿದ್ದೆ. ಚಂದವಾಗಿಯೇ ಇತ್ತು. ಆದರೆ ಓದಿದಾಗಲೆಲ್ಲ ಕಾಗದದ ಅಡಿಯಿಂದ ಅವನ ಧ್ವನಿ ಬರುತ್ತದೆ: "ಞಾನ್ ಅಂಗನೆ ಪರಞ್ಞಿಲ್ಲ ಸಾರ್." ನಾನು ಹಾಗೆ ಹೇಳಲಿಲ್ಲ.

"ಒಂದೇ ಒಂದು ಮಾತು ಕಣಯ್ಯಾ, ಓದುಗರು ಕಾಯ್ತಿದಾರೆ."

"ಅವರಿಗೆ ನೀವು ಹೇಳಿ. ನನ್ನ ಬಾಯಲ್ಲಿ ಬೇಡ."

ಆ ಸಾಲನ್ನು ಹೊಡೆದು ಹಾಕಿದೆ. ನಿಜವಾಗಿ ಆದದ್ದು, ಗಾಡಿಯಡಿಯಿಂದ ಒಂದು ಕೈ ಹೊರಗೆ ಬಂತು. "ಹಾಫ್ ಇಂಚ್ ಸ್ಪ್ಯಾನರ್." ತಪ್ಪಾದದ್ದನ್ನು ಕೊಟ್ಟೆ. ಕೈ ಅದನ್ನು ವಾಪಸ್ ಮಾಡಿತು. ಸರಿಯಾದದ್ದನ್ನು ಹುಡುಕಿ ಕೊಟ್ಟೆ.

"ಮೇಲಿಂದ ಮೆಟ್ಟಿಲು ಹಿಡೀರಿ ಸಾರ್. ಗಟ್ಟಿಯಾಗಿ."

ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದೆ. ಕೆಳಗೆ ಅವನು ಒಂದೊಂದೇ ನಟ್ಟು ಬಿಗಿ ಮಾಡುತ್ತಾ ಹೋದ.

"ಆಮೇಲೆ?" ಎನ್ನುತ್ತಾಳೆ ರಾಜಲಕ್ಷ್ಮಿ. ನೀವೂ ಅದನ್ನೇ ಕೇಳುತ್ತೀರಿ.

ಆಮೇಲೆ ಎಲ್ಲ ನಟ್ಟೂ ಬಿಗಿಯಾಯಿತು. ಇನ್ನು ಬಿಡಬಹುದು ಎಂದು ಅವನು ಹೇಳಲಿಲ್ಲ. ನಾನು ಹಿಡಿದುಕೊಂಡೇ ಇದ್ದೆ.