ಕೊಬ್ಬು ಉರಿಸುವ ನಡಿಗೆ

ನಾನು ಅಗ್ನಿಶಾಮಕ ಠಾಣೆಯ ಗಾಡಿ ಓಡಿಸುವವನು. ನನ್ನ ಪಕ್ಕದ ಸೀಟು ಮೊದಲಿನಿಂದಲೂ ನಮ್ಮ ಭಾವನದು. ಬೆಂಕಿ ಎಂದರೆ ಹಿಂದೆಮುಂದೆ ನೋಡದೆ ನುಗ್ಗುವ ಮನುಷ್ಯ; ಈಚೆಗೆ ಮಾತ್ರ ಅವರಿಗಿಂತ ಮುಂಚೆ ಅವರ ಹೊಟ್ಟೆ ನುಗ್ಗುತ್ತಿತ್ತು. ಈ ಸಲ ಓಟದ ಪರೀಕ್ಷೆಯಲ್ಲಿ ಸೋತವರಿಗೆ ಗಾಡಿ ಇಲ್ಲ, ಉಗ್ರಾಣದಲ್ಲಿ ಪೈಪು ಸುತ್ತುವ ಕೆಲಸ ಎಂದು ಸಾಹೇಬರು ಹೇಳಿದಾಗ ಭಾವನ ಮುಖ ಹುಳ್ಳಗಾಯಿತು.

ಮಾರನೆಯ ದಿನವೇ ಅವರ ಕೈಗೆ ಹೊಸ ಗಡಿಯಾರ ಬಂತು. ಎದೆಬಡಿತ ಮಿತಿ ದಾಟಿದರೆ ಅದು ಕೀಂ ಕೀಂ ಎನ್ನುತ್ತದೆ. ಯಾವ ವಿಡಿಯೋ ನೋಡಿದರೋ, ಠಾಣೆಗೆಲ್ಲ ಪಾಠ ಶುರುವಾಯಿತು.

"ಜೋರಾಗಿ ಓಡಿದ್ರೆ ಮೈ ಸಕ್ಕರೆ ಉರಿಸುತ್ತೆ ಕಣೋ. ನಿಧಾನಕ್ಕೆ ನಡೆದ್ರೆ ಕೊಬ್ಬು. ನನಗೆ ಬೇಕಿರೋದು ಕೊಬ್ಬು ಉರಿಯೋದು."

ಹಾಗಾಗಿ ಭಾವ ನಡೆದರು. ಬೆಳಿಗ್ಗೆ ಅಂಗಳದಲ್ಲಿ ನಾವೆಲ್ಲ ಬೆವರು ಸುರಿಸಿ ಓಡುತ್ತಿದ್ದರೆ ಇವರು ಹೆಣ್ಣು ನೋಡಲು ಹೊರಟವರಂತೆ ನಡೆದರು. ಗಡಿಯಾರ ಕೀಂ ಎಂದರೆ ಸಾಕು, ಗಕ್ಕನೆ ನಿಲ್ಲುತ್ತಿದ್ದರು.

ಕವಾಯತು ಮಾಸ್ತರರು ಹೇಳಿ ನೋಡಿದರು. "ನಿಧಾನಕ್ಕೆ ನಡೆದ್ರೆ ಕೊಬ್ಬಿನ ಪಾಲು ಜಾಸ್ತಿ, ನಿಜ. ಆದ್ರೆ ಒಟ್ಟು ಉರಿಯೋದೇ ಚೂರು. ನಿಮಗೆ ಪರೀಕ್ಷೆ ಇರೋದು ಓಟಕ್ಕೆ. ದಮ್ಮು ಬೇಕಂದ್ರೆ ಆಗಾಗ ಏದುಸಿರು ಬರ್ಲೇಬೇಕು."

"ಅವರದೆಲ್ಲ ಹಳೇ ಕಾಲದ ವಿದ್ಯೆ," ಎಂದರು ಭಾವ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

"ಮೂರು ಹೊತ್ತೂ ಕೊಬ್ಬಿನ ಮಾತೇ," ಎಂದಳು ಅಕ್ಕ. "ಅದು ಮಾತ್ರ ಜಾಗ ಬಿಟ್ಟು ಅಲ್ಲಾಡಿಲ್ಲ. ನೀನಾದ್ರೂ ಹೇಳೋ."

ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಬಂದರು. ತಿನ್ನದಿದ್ದರೆ ಮೈ ನೇರ ಕೊಬ್ಬಿಗೇ ಕೈ ಹಾಕುತ್ತದಂತೆ. ಅರ್ಧ ದೂರ ಹೇಗೋ ಓಡಿದರು. ಅಷ್ಟರಲ್ಲಿ ಗಡಿಯಾರ ಕೀಂ ಎಂದಿತು. ಭಾವನ ಕಾಲು ತಾನಾಗಿಯೇ ನಡಿಗೆಗೆ ಇಳಿಯಿತು.

"ಓಡಿ ಭಾವ," ಎಂದು ಕೂಗಿದೆ.

ಅವರು ಗಡಿಯಾರ ತೋರಿಸಿ, ಸುಮ್ಮನಿರು ಎಂದು ನನಗೇ ಸನ್ನೆ ಮಾಡಿದರು. ನಗು ಬಂತು, ಸಿಟ್ಟೂ ಬಂತು. ಅವರು ಗೆರೆ ಮುಟ್ಟುವ ಹೊತ್ತಿಗೆ ಸಾಹೇಬರು ಎದ್ದು ಹೋಗಿದ್ದರು.

ಮುಂದಿನ ವಾರ ಒಂದು ಗೋದಾಮಿಗೆ ಬೆಂಕಿ ಬಿತ್ತು. ಗಂಟೆ ಬಾರಿಸಿದ್ದೇ ತಡ, ಉಗ್ರಾಣದಿಂದ ಭಾವ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಅಂಥ ಓಟ ಅವರಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಂದು ಗಾಡಿಯ ಬಾಗಿಲು ಹಿಡಿದರು. ಒಳಗೆ ನನ್ನ ಪಕ್ಕದಲ್ಲಿ ಹೊಸಬ ಕೂತು ಹೆಲ್ಮೆಟ್ ಬಿಗಿಯುತ್ತಿದ್ದ.

"ಕೈ ತೆಗೀರಿ ಭಾವ," ಎಂದೆ.

ಏದುಸಿರು ಬಿಡುತ್ತಲೇ ಅವರು ಕೈ ತೆಗೆದರು.