ಹಸಿ ನೆಲದ ತೂಕ

ಶಹಾಬಾದಿನ ಆಚೆ ಕಲ್ಯಾಣಪ್ಪ ಸಾಹುಕಾರರ ಕಲ್ಲಿನ ಖಣಿಗೆ ಟ್ರ್ಯಾಕ್ಟರ್ ಬಂದದ್ದು ನಿಜಾಮರ ಸೀಮೆಯಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕು ವರ್ಷದ ಮೇಲೆ, ಸಂಕ್ರಾಂತಿಯ ಸುಮಾರಿಗೆ. ಅಲ್ಲಿಯವರೆಗೆ ನೆಲಕ್ಕೆ ಹಾಸುವ ಆ ಕಲ್ಲುಗಳನ್ನು ಎತ್ತಿನ ಬಂಡಿಗಳೇ ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದವು. ಟ್ರ್ಯಾಕ್ಟರ್ ನಡೆಸುವ ಕೆಲಸ ಪೀರಪ್ಪನಿಗೆ ಬಂತು. ಹಿಂದಿನ ಟ್ರಾಲಿಯ ಮುಂಬದಿಗೆ ಕೂತು ಅದರ ಕೈಬ್ರೇಕು ತಿರುವುವ ಕೆಲಸ ಹಾಜಿಮಲಂಗನಿಗೆ.

ಇಬ್ಬರೂ ಒಂದೇ ಓಣಿಯವರು. ಆ ವರ್ಷದ ಗದ್ದಲದಲ್ಲಿ, ಮುಸಲ್ಮಾನರ ಮನೆಗಳ ಮೇಲೆ ದಾಳಿಯಾದಾಗ, ಪೀರಪ್ಪನ ಅವ್ವ ಹಾಜಿಮಲಂಗನ ಹೆಂಡತಿ ಬಿಬಿಜಾನಳಿಗೆ ತನ್ನ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಗದ್ದಲ ಅಡಗುವವರೆಗೂ ತನ್ನ ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಒಂದು ಮನೆಯ ಸಾರು ಇನ್ನೊಂದು ಮನೆಗೆ ಹೋಗದ ದಿನವೇ ಇರಲಿಲ್ಲ.

“ಎಂಜಿನ್ ಎಷ್ಟು ಎಳೀತದೋ ಅಷ್ಟು ಹೇರ್ರಿ” ಅಂದಿದ್ದರು ಸಾಹುಕಾರರು. ಸಪಾಟು ನೆಲದಲ್ಲಿ ಎಂಜಿನ್ ಬೇಕಾದಷ್ಟು ಎಳೆಯಿತು. ಆದರೆ ಖಣಿಗೂ ಸ್ಟೇಷನ್ನಿಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಕಡಿದಾದ ಇಳುಕಲು. ಪೀರಪ್ಪನ ಚಿಂತೆಯೆಲ್ಲ ಅದರದೇ.

“ಎಳಿಯೋದು ದೊಡ್ಡದಲ್ಲೋ ಮಲಂಗ್. ಇಳುಕಲಿನಾಗ ಟ್ರಾಲಿ ಹಿಂದಿಂದ ನೂಕಾಕತ್ತಿದ್ರ ತಡಿಯೋರು ಯಾರು?”

“ಹಂಗಾರ ಎಷ್ಟು ತಡೀತದ ಅಂತ ನೋಡೇಬಿಡೋಣು, ನಡಿ.”

ಖಣಿಗೆ ರಜೆಯಿದ್ದ ದಿನ ಇಬ್ಬರೂ ಸ್ಟೇಷನ್ನಿನ ಕಾಟಾದ ಮೇಲೆ ಮೊದಲು ಟ್ರ್ಯಾಕ್ಟರ್ ತೂಗಿಸಿದರು, ಆಮೇಲೆ ಖಾಲಿ ಟ್ರಾಲಿ, ಆಮೇಲೆ ಒಂದಿಷ್ಟು ಕಲ್ಲು. ಅದರ ಅಂದಾಜಿನ ಮೇಲೆ ಸ್ವಲ್ಪ ಸ್ವಲ್ಪವೇ ಹೇರುತ್ತ ಇಳುಕಲಿಗೆ ಇಳಿಸಿ, ನಟ್ಟನಡುವೆ ಬ್ರೇಕು ಒತ್ತಿ ನೋಡಿದರು. ಹಗುರ ಇದ್ದಾಗ ಗಾಡಿ ಕೀಲು ಹೊಡೆದಂತೆ ನಿಂತಿತು. ಕಲ್ಲೂ ಸೇರಿ ಟ್ರಾಲಿಯ ಭಾರ ಟ್ರ್ಯಾಕ್ಟರಿನ ಭಾರಕ್ಕೆ ಸಮವಾದಾಗ ಒಂದಿಷ್ಟು ಜಾರಿ ನಿಂತಿತು. ಅದನ್ನು ಮೀರಿದ್ದೇ ತಡ, ಟ್ರ್ಯಾಕ್ಟರಿನ ಹಿಂಗಾಲಿಗಳು ಅಡ್ಡಕ್ಕೆ ಸರಿದವು. ಸಮಕ್ಕಿಂತಲೂ ಒಂದು ಸಾಲು ಕಡಿಮೆಯೇ ಇರಲಿ ಎಂದು ತೀರ್ಮಾನಿಸಿದರು. ಹಾಜಿಮಲಂಗ್ ಟ್ರಾಲಿಯ ಪಕ್ಕದ ಹಲಗೆಗೆ ಡಾಂಬರಿನಿಂದ ಗೆರೆ ಎಳೆದ: ಇದನ್ನು ದಾಟಿ ಒಂದು ಕಲ್ಲೂ ಏರಕೂಡದು.

“ಅರ್ಧ ಟ್ರಾಲಿ ಖಾಲಿ ಹೋಗ್ತದಲ್ಲೋ!” ಎಂದರು ಸಾಹುಕಾರರು.

“ಹೋಗ್ಲಿ ಬಿಡ್ರಿ. ಹೊಳ್ಳಿ ಬರ್ತದಲ್ಲ” ಎಂದ ಹಾಜಿಮಲಂಗ್. ಅವರು ನಕ್ಕುಬಿಟ್ಟರು. ಬೇಸಿಗೆಯೆಲ್ಲ ಏನೂ ಆಗಲಿಲ್ಲ.

ಮಿರಗದ, ಎಂದರೆ ಮೃಗಶಿರೆಯ, ಮೊದಲ ಮಳೆ ಬಿದ್ದದ್ದು ಒಂದು ಬೆಳಿಗ್ಗೆ. ಜೋರೇನಲ್ಲ, ಇಳುಕಲಿನ ದೂಳು ನೆನೆಯುವಷ್ಟು. ಪೀರಪ್ಪ ಇಳುಕಲಿನ ಮೇಲ್ತುದಿಯಲ್ಲೇ ಗಾಡಿ ನಿಲ್ಲಿಸಿ, ಹಿಂದೆ ಹೋಗಿ ಗೆರೆ ನೋಡಿ ಬಂದ. ಕಲ್ಲು ಅದಕ್ಕಿಂತ ಕೆಳಗೇ ಇತ್ತು.

“ನೆಲ ಹಸಿ ಅದಲ್ಲೋ.”

“ಇಷ್ಟಕ್ಕ ಅಂಜತೀಯಾ? ಸಾವಕಾಶ ಬಿಡು, ನಾ ಹಿಡಿದೀನಿ.”

ಅರ್ಧ ಇಳಿದಿರಲಿಲ್ಲ, ಗಾಲಿಗಳು ತಿರುಗುವುದನ್ನು ಬಿಟ್ಟು ಜಾರತೊಡಗಿದವು. ಕಲ್ಲಿನ ಪುಡಿ ನೆನೆದು ಲೋಳೆಯಾಗಿತ್ತು. ಬ್ರೇಕು ಒತ್ತಿದಷ್ಟೂ ಜಾರುವುದು ಹೆಚ್ಚಾಯಿತು. ಟ್ರಾಲಿ ಹಿಂದಿನಿಂದ ನೂಕುತ್ತ ನೂಕುತ್ತ, ಹಳ್ಳದ ದಂಡೆಯಲ್ಲಿ ತಾನೇ ಅಡ್ಡ ತಿರುಗಿ, ಕೊಂಡಿ ಮುರಿದುಕೊಂಡು ಉರುಳಿತು. ಟ್ರ್ಯಾಕ್ಟರ್ ನೀರಿನಲ್ಲಿ ಹೋಗಿ ನೆಟ್ಟಗೆ ನಿಂತಿತು. ಪೀರಪ್ಪನ ಮೈಮೇಲೆ ಒಂದು ಗೀರೂ ಇರಲಿಲ್ಲ. ಖಣಿಯ ಆಳುಗಳು ಓಡಿ ಬಂದು ಕಲ್ಲು ಸರಿಸುವ ಹೊತ್ತಿಗೆ ಹಾಜಿಮಲಂಗನ ಉಸಿರು ನಿಂತಿತ್ತು.

ಪೀರಪ್ಪನಿಗೆ ಯಾರೂ ಏನೂ ಅನ್ನಲಿಲ್ಲ. “ಗೆರಿ ದಾಟಿರಲಿಲ್ಲ, ನಿಂದೇನೂ ತಪ್ಪಿಲ್ಲಪಾ” ಎಂದು ಸಾಹುಕಾರರು ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಅವನಿಗೆ ತಡೆಯಲಾರದಷ್ಟು ಭಾರವಾಯಿತು.

ಖಬರಸ್ತಾನದಲ್ಲಿ ದಫನ್ ಆಗಿ ಕೆಲವು ದಿನಗಳ ಮೇಲೆ ಬಿಬಿಜಾನ್ ಅವನನ್ನು ಕರೆಸಿದಳು. ಗಂಡ ಸತ್ತವರು ಹೊರಗಿನ ಗಂಡಸರೆದುರು ಬಾರದ ಇದ್ದತ್ತಿನಲ್ಲಿದ್ದವಳು, ಬಾಗಿಲ ಪರದೆಯ ಹಿಂದಿನಿಂದಲೇ ಕೇಳಿದಳು: “ಕಲ್ಲು ಗೆರಿ ಕೆಳಗೇ ಇತ್ತಂತಲ್ಲ ಪೀರಣ್ಣ, ಮತ್ತ ಹಿಂಗ್ಯಾಕಾಯ್ತು?”

“ಗೆರಿ ಒಣ ನೆಲದ್ದು, ಭಾಬಿ. ಹಸಿ ನೆಲದಾಗ ನೋಡೇ ಇರಲಿಲ್ಲ.”

“ಇಬ್ಬರಿಗೂ ಹೊಳಿಲಿಲ್ಲೇನು?”

“ಇಬ್ಬರಿಗೂ.”

ಬಿಬಿಜಾನ್ ಹೇಳಿದಳು, “ಈಗಾರ ನೋಡಿ ಬಾ. ಅಲ್ಲೀತನಕ ಆ ಟ್ರಾಲಿ ಮ್ಯಾಲ ಯಾರಿಗೂ ಕೂಡಸಬ್ಯಾಡ.”

ಟ್ರಾಲಿ ರಿಪೇರಿಯಾಗಿ ಬಂದ ಮೇಲೆ ಪೀರಪ್ಪ ಮಳೆಗಾಗಿ ಕಾದ. ಮಳೆ ಬಂದಾಗ ಕೈಬ್ರೇಕನ್ನು ಹಗ್ಗದಿಂದ ಬಿಗಿದು ಕಟ್ಟಿ, ಯಾರನ್ನೂ ಹತ್ತಿಸಿಕೊಳ್ಳದೆ ಒಬ್ಬನೇ ಇಳುಕಲಿಗೆ ಇಳಿದ. ಗೆರೆಯ ಅರ್ಧದಷ್ಟು ಹೇರಿದರೂ ಗಾಡಿ ಜಾರಿತು. ಕಾಲು ಭಾಗಕ್ಕೆ ಇಳಿಸಿದಾಗ ನಿಂತಿತು. ಇನ್ನೊಂದು ದಿನ, ಒಣಗಿದ್ದ ದೂಳು ಆಗಷ್ಟೇ ನೆನೆದಾಗ ಮಾತ್ರ, ಅದೂ ನಿಲ್ಲಲಿಲ್ಲ. ಅಂಥ ದಿನ ಟ್ರಾಲಿ ಕಟ್ಟಲೇಬಾರದು ಎಂದು ಸಾಹುಕಾರರಿಗೆ ಹೇಳಿದ. ಅವರು ಒಪ್ಪಿದರು.

ಅದೇ ದಿನ ಮಧ್ಯಾಹ್ನ ಹೋಗಿ ಬಿಬಿಜಾನಳಿಗೂ ಎಲ್ಲ ಹೇಳಿದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

“ಕಡೀಕ ಏನಾರ ಅಂದ್ರೇನು ನಮ್ಮ ಮನಿಯವರು?”

ಅದನ್ನು ಅವನು ಅಲ್ಲಿಯವರೆಗೆ ತನ್ನ ಅವ್ವನಿಗೂ ಹೇಳಿರಲಿಲ್ಲ.

“ಧುಮಕೋ ಮಲಂಗ್ ಅಂತ ಒದರಿದೆ, ಭಾಬಿ. ಧುಮಕಲಿಲ್ಲ. ‘ನಾ ಬ್ರೇಕ್ ಬಿಟ್ರ ಎಲ್ಲಾ ನಿನ್ನ ಮ್ಯಾಲೇ ಬರ್ತದ ಪೀರ್‍ಯಾ, ಸೀದಾ ಹಿಡಿ’ ಅಂದ.”

ಪರದೆಯ ಹಿಂದೆ ಬಿಬಿಜಾನ್ ಅತ್ತಳು. ದಫನ್ ಆದ ದಿನವೂ ಅವಳ ಅಳು ಹೊರಗೆ ಕೇಳಿರಲಿಲ್ಲ. ಪೀರಪ್ಪ ಅವಳ ಅಳು ನಿಲ್ಲುವವರೆಗೂ ಹೊಸ್ತಿಲಾಚೆ ಕೂತಿದ್ದು, ಆಮೇಲೆ ಎದ್ದು, ಅವಳ ಮನೆಯ ಕಟ್ಟೆಯ ಮೇಲಿದ್ದ ಖಾಲಿ ಕೊಡ ಹೊತ್ತುಕೊಂಡು ಬಾವಿಯ ಕಡೆ ಹೋದ.