ಬಲಗಡೆಯ ಎಂಜಿನ್

ಭಾಮೈದನ ಮೊದಲ ಏಟು ಮೇಸ್ತ್ರಿಯ ಮೂಗಿಗೇ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ, ವಿಮಾನಕ್ಕೆ ಸಾಮಾನು ತುಂಬಿ ಇಳಿಸುವ ಉಳಿದ ಲೋಡರುಗಳು ನಡುವೆ ನುಗ್ಗಿ ಅವನನ್ನು ಕಬ್ಬಿಣದ ಬೀರುಗಳ ಕಡೆ ತಳ್ಳಿದರು. ಬೀರುಗಳು ದಡಬಡನೆ ಸದ್ದು ಮಾಡಿದವು.

"ದೀಪ ಆರ್ಲಿ, ದೀಪ ಆರ್ಲಿ ಅಂತ ಜಪ ಮಾಡ್ಕೊಂಡು ನಿಂತಿರ್ತೀರಿ ಭಾವ! ನಿಮ್ಮಿಂದ ನಮ್ಮ ಗ್ಯಾಂಗಿಗೆ ಮೂರು ದಿನದಿಂದ ಸ್ಪೀಡಲ್ಲಿ ಕೊನೇ ಜಾಗ."

ಮೇಸ್ತ್ರಿ ತೋಳಿನಿಂದ ರಕ್ತ ಒರೆಸಿಕೊಂಡ. "ಮೂಗಿಗೇನಾಯ್ತು ಅಂತ ನಿಮ್ಮಕ್ಕ ಕೇಳ್ತಾಳೆ. ಉತ್ತರ ನೀನೇ ಕೊಡು."

"ಬಾಗಿಲಿಗೆ ಡಿಕ್ಕಿ ಹೊಡ್ಕೊಂಡೆ ಅನ್ನಿ. ನಿಮಗೆ ಕಣ್ಣು ಕಾಣಲ್ಲ ಅಂತ ಅವಳಿಗೆ ಮೊದಲೇ ಗೊತ್ತು."

ಗ್ಯಾಂಗಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ನಗಲಿಲ್ಲ. ಕೈ ಮುಷ್ಟಿ ಕಟ್ಟಿದ್ದು ಬಿಡುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಕಂಪನಿ ಶುರುವಾದಾಗ ಇದ್ದದ್ದು ಎರಡು ವಿಮಾನ. ವಿಮಾನದ ಹೊಟ್ಟೆಯ ಕೆಳಗೆ ಕೆಂಪು ದೀಪ ಮಿನುಗುತ್ತಿರುವವರೆಗೂ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಮಿನುಗುತ್ತಿದೆಯೆಂದರೆ ಎಂಜಿನ್ ನಡೆಯುತ್ತಿದೆ ಎಂದರ್ಥ. ಇಳಿದ ವಿಮಾನ ಮತ್ತೆ ಹೊರಡುವುದಕ್ಕೆ ಆಗ ನಲವತ್ತು ನಿಮಿಷ. ಈಗ ವಿಮಾನಗಳೇ ನಲವತ್ತು, ಟಿಕೆಟ್ಟು ಬಸ್ಸಿಗಿಂತ ಅಗ್ಗ, ನೆಲದ ಮೇಲೆ ನಿಲ್ಲಲು ಸಿಗುವುದು ಇಪ್ಪತ್ತೈದೇ ನಿಮಿಷ. ಅದನ್ನು ಎಲ್ಲರ ತಲೆಗೆ ಬಡಿದ ಮ್ಯಾನೇಜರನಿಗೆ 'ಇಪ್ಪತ್ತೈದು' ಎಂದೇ ಹೆಸರು ಬಿದ್ದಿತ್ತು.

ಇಂಧನ ಉಳಿಸಲೆಂದು ಪೈಲಟ್‌ಗಳು ಇಳಿದ ಮೇಲೆ ದಾರಿಯಲ್ಲೇ ಬಲಗಡೆಯ ಎಂಜಿನ್ ನಿಲ್ಲಿಸಿ, ಎಡಗಡೆಯದರಲ್ಲೇ ಉರುಳಿಸಿಕೊಂಡು ಬರುವುದು ರೂಢಿಯಾಯಿತು. ಸಾಮಾನಿನ ಬಾಗಿಲಿರುವುದೂ ಬಲಗಡೆಯೇ. ಲೋಡರುಗಳು ಇದನ್ನು ಕಂಡುಕೊಂಡರು. ದೀಪ ಮಿನುಗುತ್ತಿದ್ದರೂ ಬಲಗಡೆ ಓಡಿದರೆ ಎರಡು ನಿಮಿಷ ಉಳಿತಾಯ. ಯಾವ ಪುಸ್ತಕದಲ್ಲೂ ಹಾಗೆ ಬರೆದಿರಲಿಲ್ಲ. ಇಪ್ಪತ್ತೈದು ಅದನ್ನು ದಿನವೂ ನೋಡುತ್ತಿದ್ದ. ಆಮೇಲೆ ತನ್ನ ಗಡಿಯಾರ ನೋಡಿಕೊಳ್ಳುತ್ತಿದ್ದ.

ತಮ್ಮನನ್ನು ಕೆಲಸಕ್ಕೆ ಕಳಿಸುವ ದಿನ ಮೇಸ್ತ್ರಿಯ ಹೆಂಡತಿ ಹೇಳಿದ್ದಳು: "ಕೈಕಾಲು ಎಣಿಸಿ ಕಳಿಸ್ತಿದೀನಿ ರೀ. ಎಣಿಸೇ ವಾಪಸ್ ತಗೊಳ್ತೀನಿ."

ಬೆಳಗ್ಗೆ ಮೂಗಿಗೆ ಏಟು ಬಿದ್ದ ದಿನವೇ ಮಧ್ಯಾಹ್ನ ಹೊಸ ನಿಲುಗಡೆಗೆ ಮೊದಲ ವಿಮಾನ ಬಂತು. ಇನ್ನಷ್ಟು ಸಮಯ ಉಳಿಸಲೆಂದೇ ಆ ನಿಲುಗಡೆಯನ್ನು ರನ್‌ವೇಯ ಮಗ್ಗುಲಲ್ಲೇ ಕಟ್ಟಿದ್ದರು. ಮುಂದಿನ ಚಕ್ರಕ್ಕೆ ಅಡ್ಡ ಕೊಡುವ ಮರದ ದಿಮ್ಮಿಗಳಲ್ಲಿ ಒಂದನ್ನು ಇಟ್ಟು, ಇನ್ನೊಂದನ್ನು ಹಗ್ಗ ಹಿಡಿದು ಎತ್ತಿಕೊಂಡಾಗ ಮೇಸ್ತ್ರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಇಳಿದ ವಿಮಾನದ ಎಂಜಿನ್ ತಣಿಯದೆ ನಿಲ್ಲಿಸುವಂತಿಲ್ಲ, ಮೂರು ನಿಮಿಷ ಬೇಕು ಎಂದು ಮೆಕ್ಯಾನಿಕ್ ಒಮ್ಮೆ ಹೇಳಿದ್ದ. ಈ ವಿಮಾನ ಇಳಿದು ಇಲ್ಲಿಗೆ ಬರಲು ಒಂದೂವರೆ ನಿಮಿಷವೂ ಆಗಿರಲಿಲ್ಲ.

ಅವನು ತಿರುಗಿ ನೋಡಿದ. ಬಲಗಡೆಯ ಎಂಜಿನ್ನಿನ ನಡುವೆ ಬಳಿದಿದ್ದ ಬಿಳಿ ಸುರುಳಿ ಸುರುಳಿಯಾಗಿ ಕಾಣಲಿಲ್ಲ. ಬರೀ ಮಸುಕು. ತಿರುಗುತ್ತಿತ್ತು.

ಭಾಮೈದ ನಿಂತ ವಿಮಾನದ ಸುತ್ತ ಇಡುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್ ಹಿಡಿದು, ಬಾಗಿಲಿನ ಮೇಲೇ ಕಣ್ಣಿಟ್ಟು, ಎಂಜಿನ್ನಿನ ಬಾಯಿಗೆ ಅಡ್ಡವಾಗಿ ಓಡುತ್ತಿದ್ದ. ಕಿವಿಗೆ ದಪ್ಪ ಮುಚ್ಚಳ, ಕೂಗಿ ಪ್ರಯೋಜನವಿರಲಿಲ್ಲ. ನಡುವೆ ಹನ್ನೆರಡು ಹೆಜ್ಜೆ. ಓಡಿ ಹಿಡಿಯುವುದೂ ಆಗದ ಮಾತು. ಮೇಸ್ತ್ರಿ ದಿಮ್ಮಿಯನ್ನು ಹಗ್ಗದಲ್ಲಿ ಒಂದು ಸುತ್ತು ಬೀಸಿ ಬಿಟ್ಟ.

ಅದು ಮೊಣಕಾಲಿನ ಕೆಳಗೆ ಬಡಿಯಿತು. ಮೂಳೆ ಮುರಿದ ಸದ್ದು ಕೇಳಿಸಲಿಲ್ಲ. ಕಾಲು ಮಡಚಬಾರದ ಜಾಗದಲ್ಲಿ ಮಡಚಿದ್ದು ಕಂಡಿತು. ಭಾಮೈದ ಮುಖ ಅಡಿಯಾಗಿ ಬಿದ್ದ. ಕೈಯಿಂದ ಹಾರಿದ ಕೋನ್ ನೆಲದ ಮೇಲೆ ಎರಡು ಸಲ ಪುಟಿದು, ಯಾರೋ ಎಳೆದುಕೊಂಡಂತೆ ಮೇಲೆದ್ದು ಒಳಗೆ ಹೋಯಿತು. ಎಂಜಿನ್ ಕರ್ಕಶವಾಗಿ ಕಿರುಚಿತು. ಹಿಂದುಗಡೆಯಿಂದ ಪ್ಲಾಸ್ಟಿಕ್ ಚೂರುಗಳು, ಲೋಹದ ಚೂರುಗಳು ಆಲಿಕಲ್ಲಿನಂತೆ ಉದುರಿದವು.

ಮೇಸ್ತ್ರಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಭಾಮೈದನ ಸೊಂಟದ ಬೆಲ್ಟು ಹಿಡಿದು ಎಳೆದ. ಏನಾಗುತ್ತಿದೆಯೆಂದು ತಿಳಿಯದೆ ಅವನು ಹೊರಳಿ ಗುದ್ದಿದ, ಅದೇ ಮೂಗಿಗೆ. ಮೇಸ್ತ್ರಿ ಅವನ ದವಡೆಗೆ ಒಂದು ಬಾರಿಸಿ, ಮತ್ತೆ ಎಳೆದ. ನೆಲದುದ್ದಕ್ಕೂ ರಕ್ತದ ಗೆರೆ ಬಿತ್ತು. ಕೊನೆಗೂ ಎಂಜಿನ್ ನಿಂತಿತು. ದೀಪ ಆರಿತು.

ಸಂಜೆ ಮೇಸ್ತ್ರಿ ಆಸ್ಪತ್ರೆಯ ಕೋಣೆಗೆ ಕಾಲಿಡುತ್ತಲೇ ಹೆಂಡತಿಯ ಕೈ ಅವನ ಕೆನ್ನೆಗೆ ಬಿತ್ತು, ಮೂಗಿನಿಂದ ಮತ್ತೆ ರಕ್ತ ಇಳಿಯಿತು. "ಎಣಿಸಿ ಕೊಟ್ಟಿದ್ನಲ್ಲ ರೀ! ಎಣಿಸಿ ಕೊಟ್ಟಿದ್ನಲ್ಲ!" ಎರಡೂ ಮುಷ್ಟಿಗಳಿಂದ ಅವನ ಎದೆಗೆ ಗುದ್ದಿದಳು. ಅವನು ಕೈ ಅಡ್ಡ ಕೊಡಲಿಲ್ಲ.

ಬೆನ್ನಿಗೇ ಇಪ್ಪತ್ತೈದು ಬಂದ. ಟೈಪು ಮಾಡಿದ ಹಾಳೆಯೊಂದನ್ನು ಹಾಸಿಗೆಯಲ್ಲಿದ್ದ ಭಾಮೈದನ ಮುಂದೆ ಹಿಡಿದ. "ಬೆಳಗ್ಗೆ ಜಗಳ, ಮಧ್ಯಾಹ್ನ ಹಲ್ಲೆ. ಸಂಸಾರದ ತಕರಾರು ಅಷ್ಟೇ. ಸೈನ್ ಹಾಕಪ್ಪ, ನಿನ್ ಕೆಲ್ಸಕ್ಕೇನೂ ಆಗಲ್ಲ. ಹೋಗೋದು ಮೇಸ್ತ್ರಿ ಒಬ್ಬನೇ."

ಭಾಮೈದ ನಿಧಾನವಾಗಿ ಓದಿದ. "ಇದ್ರಲ್ಲಿ ಬಲಗಡೆ ಎಂಜಿನ್ ಎಲ್ಲಿದೆ ಸಾರ್?"

"ಅದು ಬೇರೆ ವಿಷಯ."

"ಭಾವ, ನಿಜ ಹೇಳಿ. ದಿಮ್ಮಿ ಎಸೆಯೋವಾಗ ಬೆಳಗಿನ ಸಿಟ್ಟಿತ್ತಾ?"

ಆ ಕ್ಷಣವನ್ನು ಮೇಸ್ತ್ರಿ ಅಷ್ಟು ಹೊತ್ತಿಗೆ ನೂರು ಸಲ ಬಿಚ್ಚಿ ನೋಡಿದ್ದ. ಕಾಲಿಗೇ ಗುರಿಯಿಟ್ಟದ್ದು ಯೋಚಿಸಿಯೇ. ಆದರೆ ತೋಳಿಗೆ ಬಂದ ಬಲದೊಳಗೆ ಇನ್ನೊಂದೂ ಇತ್ತು. ಕಾಲು ಮಡಚಿದಾಗ ಒಂದು ಚಣ ಹಿತವೆನಿಸಿತ್ತು.

"ಇತ್ತು," ಎಂದ.

"ನೋಡಿದ್ಯಾ? ಅವನೇ ಒಪ್ಕೊಂಡ!" ಇಪ್ಪತ್ತೈದು ಪೆನ್ನು ಚಾಚಿದ.

ಭಾಮೈದ ಪೆನ್ನು ತೆಗೆದುಕೊಂಡು ಹಾಳೆಯ ಹಿಂಬದಿಗೆ ಬರೆದ: 'ಕೆಂಪು ದೀಪ ಉರಿಯುತ್ತಿತ್ತು. ನಾವು ದಿನಾ ಹಾಗೇ ಓಡುತ್ತಿದ್ದೆವು. ಸಾಹೇಬರು ದಿನಾ ನೋಡುತ್ತಿದ್ದರು.' ಕೆಳಗೆ ಸಹಿ ಹಾಕಿದ.

ಇಪ್ಪತ್ತೈದು ಹಾಳೆಗೆ ಕೈ ಹಾಕಿದ. ಹೆಂಡತಿ ಆ ಮಣಿಕಟ್ಟನ್ನು ಹಿಡಿದು ತಿರುಚಿದಳು. ಗಡಿಯಾರದ ಪಟ್ಟಿ ಹರಿಯಿತು, ಆದರೂ ಬಿಡಲಿಲ್ಲ. ಅವನು ಮೊಣಕಾಲೂರಿ ಅತ್ತ ಮೇಲೆ ಬಿಟ್ಟಳು.

"ಸಿಟ್ಟಿಲ್ದಿದ್ರೆ ಭಾವ," ಎಂದ ಭಾಮೈದ, "ದಿಮ್ಮಿ ಅಷ್ಟು ದೂರ ಬೀಳ್ತಿರ್ಲಿಲ್ಲ."

ಅವಳು ತಮ್ಮನ ಎರಡೂ ಕೈ ಮುಟ್ಟಿದಳು, ಒಂದು ಕಾಲು ಮುಟ್ಟಿದಳು. ಇನ್ನೂ ಹಸಿಯಾಗಿದ್ದ ಪ್ಲಾಸ್ಟರಿನ ಮೇಲೆ ಕೈ ಇಟ್ಟು ಸುಮ್ಮನೆ ಕೂತಳು. ಆಮೇಲೆ, ಗಂಡನ ಕಡೆ ತಿರುಗದೆಯೇ, ಒದ್ದೆ ಬಟ್ಟೆ ಚಾಚಿದಳು.

"ಮೂಗು ಒರೆಸ್ಕೊಳ್ಳಿ. ನಾಲ್ಕೂ ಇದೆ."